ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟ ಲಿಂಗ: ಬಿಪಿಡಿ ಚಿಕಿತ್ಸೆಯ ಎರಡೂವರೆ ವರ್ಷ

2022ರ ನವೆಂಬರ್ ತಿಂಗಳ ಒಂದು ರಾತ್ರಿ ನಾನು ಕೊರಳಿನಿಂದ ಶಿವದಾರ ತೆಗೆದು, ಅದನ್ನಿಡುವ ಪುಟ್ಟ ಬೆಳ್ಳಿ ಡಬ್ಬಿಯಾದ ಕರಡಿಗೆಯ ಸಮೇತ ಇಷ್ಟಲಿಂಗವನ್ನು ಅಕ್ಕಿ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಹುಗಿದಿಟ್ಟೆ. ಎಂಟನೇ ವಯಸ್ಸಿನಲ್ಲಿ ದೀಕ್ಷೆ ಕೊಟ್ಟ ನಮ್ಮೂರ ಮಠದ ಅಜ್ಜನವರು ಅಂದು ಹೇಳಿದ ಮಾತುಗಳಲ್ಲಿ ನನಗೆ ನೆನಪಿದ್ದದ್ದು ಒಂದೇ: ಇದು ಮೈಯಿಂದ ಅಗಲಬಾರದು. ನಾನೇ ಅಗಲಿಸಿದ್ದೆ. ನಿಶ್ಚಿತಾರ್ಥವಾಗಿದ್ದ ಹುಡುಗನ ಮನೆಯವರು ಹಿಂದೆ ಸರಿದು ನಾಲ್ಕು ದಿನವಾಗಿತ್ತು. ಶ್ರಾವಣ ಪೂರ್ತಿ ಮೂರು ಹೊತ್ತು ಪೂಜೆ ಮಾಡಿ, ಸೋಮವಾರ ನೀರೂ ಕುಡಿಯದೆ ಬೇಡಿಕೊಂಡವಳನ್ನು ಶಿವ ಹೀಗೆ ಕೈಬಿಟ್ಟನಲ್ಲ ಎಂಬ ಉರಿ ಹೊಟ್ಟೆಯಲ್ಲಿತ್ತು.

ಮೂರನೇ ದಿನ ಬೆಳಗಿನ ಜಾವ ಉರಿ ಹೋಗಿ ಭಯ ಬಂದಿತು. ಅಕ್ಕಿಯನ್ನೆಲ್ಲ ನೆಲಕ್ಕೆ ಸುರಿದು ಕರಡಿಗೆ ಹುಡುಕಿದೆ. ಸಿಕ್ಕಿತು. ಆದರೆ ಮತ್ತೆ ಕಟ್ಟಿಕೊಳ್ಳುವ ಧೈರ್ಯ ಬರಲಿಲ್ಲ. ನನ್ನಂಥವಳು ಮುಟ್ಟಬಾರದು ಎನ್ನಿಸಿತು. ಅದೇ ದಿನ ನನಗೆ ನಾನೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿದೆ.

ಅಲ್ಲಿಂದ ಹಿಡಿದು 2025ರ ಮೇ ತಿಂಗಳಲ್ಲಿ ನನ್ನ ಚಿಕಿತ್ಸೆಯ ಕೊನೆಯ ತರಗತಿ ಮುಗಿಯುವವರೆಗಿನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕಾಯಿಲೆಯ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ: ಭಾವನೆಗಳೂ ಸಂಬಂಧಗಳೂ ಬಿರುಗಾಳಿಯಂತೆ ಏರಿಳಿಯುವ ಮಾನಸಿಕ ಕಾಯಿಲೆ. ಈ ಕಾಯಿಲೆ ಇರುವವರ ಸ್ನೇಹ, ಮದುವೆ, ನೌಕರಿ ಏನಾಗುತ್ತವೆ ಎಂದು ಓದಲು ಸಿಕ್ಕಿತು. ದೇವರ ಜೊತೆಗಿನ ಸಂಬಂಧ ಏನಾಗುತ್ತದೆ ಎಂದು ನಮ್ಮ ಭಾಷೆಯಲ್ಲಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ನಾನು ವೈದ್ಯೆಯಲ್ಲ. ಹುಬ್ಬಳ್ಳಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ನನಗೆ ಆದದ್ದನ್ನು ಮಾತ್ರ ಹೇಳಬಲ್ಲೆ. ಓದುತ್ತಿರುವ ನಿಮಗೆ ಈಗಲೇ ಬದುಕು ಬೇಡ ಎನ್ನಿಸುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಆಸ್ಪತ್ರೆಯ ಕಥೆಗೆ ಹೋಗುವ ಮೊದಲು ನನ್ನ ಭಕ್ತಿ ಹೇಗಿತ್ತು ಎಂದು ಹೇಳಬೇಕು. ಹತ್ತೊಂಬತ್ತರಿಂದ ಇಪ್ಪತ್ತಮೂರರವರೆಗೆ ನನಗೆ ಮೂವರು ಗುರುಗಳಾದರು. ಮೊದಲನೆಯವರ ಪ್ರವಚನ ಕೇಳಿದ ದಿನವೇ ಇವರೇ ನನ್ನ ತಂದೆ, ತಾಯಿ, ಎಲ್ಲ ಎಂದು ತೀರ್ಮಾನಿಸಿದೆ. ಅವರಂತೆ ಬಿಳಿ ಬಟ್ಟೆ ಉಟ್ಟೆ, ಅವರಂತೆ ಮಾತನಾಡಿದೆ, ಕಿವಿಯೋಲೆ ಮಾರಿ ದಾಸೋಹಕ್ಕೆ ಕೊಟ್ಟೆ. ಐದು ತಿಂಗಳ ನಂತರ ಒಂದು ಸಂಜೆ ಪ್ರಸಾದ ಹಂಚುವಾಗ ಅವರು ನನ್ನ ಮುಖ ನೋಡದೆ ಮುಂದೆ ಹೋದರು. ಅಷ್ಟೇ. ಆ ರಾತ್ರಿಯೇ ಅವರು ನನ್ನ ಪಾಲಿಗೆ ಕಪಟಿಯಾದರು. ಎರಡನೆಯವರೂ ಹೀಗೆಯೇ, ಮೂರನೆಯವರೂ ಹೀಗೆಯೇ. ನಡುವೆ ಎಂಟು ತಿಂಗಳು ದೇವರೇ ಇಲ್ಲ ಎಂದು ಮನೆಯ ದೇವರ ಜಗಲಿಯ ಮೇಲಿನ ಪಟಗಳನ್ನು ತಿರುಗಿಸಿಟ್ಟು ಅವ್ವನ ಜೊತೆ ಜಗಳವಾಡಿದೆ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತುಂಬ ಹತ್ತಿರವಾದಾಗ ಅವಳ ಜೊತೆ ಚರ್ಚಿನ ಪ್ರಾರ್ಥನೆಗೆ ಹೋಗಿ, ಅವಳಿಗಿಂತ ಹೆಚ್ಚು ಅತ್ತೆ. ಗೆಳತಿ ದೂರವಾದಾಗ ಚರ್ಚೂ ದೂರವಾಯಿತು. ಯಾವ ಸಲವೂ ನನಗೆ ಅದು ಸುಳ್ಳೆನ್ನಿಸಲಿಲ್ಲ. ಪ್ರಾರ್ಥಿಸಿದಾಗ ಜೀವ ಸಮೇತ ಪ್ರಾರ್ಥಿಸುತ್ತಿದ್ದೆ, ಬೈದಾಗ ಜೀವ ಸಮೇತ ಬೈಯುತ್ತಿದ್ದೆ.

ಊರಲ್ಲಿ ಇದಕ್ಕೆ ಇಟ್ಟ ಹೆಸರು ಚಂಚಲ ಬುದ್ಧಿ. ಅಮ್ಮ, ಅಂದರೆ ಅಪ್ಪನ ತಾಯಿ, ಮಾತ್ರ "ಈ ಕೂಸು ದೇವರನ್ನು ಸೆರಗಿನಂತೆ ಹಿಡಿದು ಜಗ್ಗುತ್ತದೆ" ಎನ್ನುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು.

ಆಸ್ಪತ್ರೆಯ ಮೊದಲ ರಾತ್ರಿ ಅಪ್ಪನಿಗೆ ನನ್ನ ಜೀವದಷ್ಟೇ ಹೆದರಿಕೆ ಪೊಲೀಸರದೂ ಆಗಿತ್ತು. ಇಂಥ ಪ್ರಕರಣವನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಒಬ್ಬ ಪೇದೆ ಬಂದು ಹೇಳಿಕೆ ಬರೆದುಕೊಂಡರು. ಮಗಳ ಮೇಲೆ ಕೇಸಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅಪ್ಪ ನನ್ನನ್ನು ಬೆಳಗಾಗುವುದರೊಳಗೆ ಬಿಡಿಸಿಕೊಂಡು ಹೋಗಲು ಓಡಾಡಿದರು. ಹಾಗೆ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅದಕ್ಕಾಗಿ ಅವರನ್ನು ಶಿಕ್ಷಿಸುವುದಿಲ್ಲ. ಅವರಿಗೆ ಆರೈಕೆ ಕೊಡಿಸುವುದು ಸರ್ಕಾರದ ಹೊಣೆ. ಇದು ಅಂದು ನಮಗೆ ಗೊತ್ತಿದ್ದರೆ ಮನೋವೈದ್ಯರು ನೋಡುವ ಮೊದಲೇ ನಾನು ಮನೆಗೆ ಹೋಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಎರಡು ಅಮಾವಾಸ್ಯೆ ಒಂದು ಗುಡಿಗೆ ಕರೆದೊಯ್ದರು. ಲಿಂಗ ತೆಗೆದವಳ ಮೈಗೆ ಗಾಳಿ ಹೊಕ್ಕಿದೆ ಎಂದು ಅಲ್ಲಿಯವರು ಹೇಳಿದರು. ನಾನು ಅದನ್ನು ಪೂರ್ತಿ ನಂಬಿದೆ. ನಂಬುವುದು ಸುಲಭವಾಗಿತ್ತು, ಏಕೆಂದರೆ ಒಳಗೆ ಖಾಲಿ ಇದೆ ಎನ್ನುವುದಕ್ಕಿಂತ ಒಳಗೆ ಯಾರೋ ಇದ್ದಾರೆ ಎನ್ನುವುದು ಸಮಾಧಾನದ ಮಾತು. ಎರಡನೇ ಅಮಾವಾಸ್ಯೆಯಂದು ನನ್ನ ಮೇಲೆ ಬೇವಿನ ಬರಲು ಎತ್ತಿದಾಗ ಅಪ್ಪ ಅಡ್ಡ ನಿಂತು, "ನನ್ನ ಮಗಳಿಗೆ ಹೊಡೆಯಬೇಡಿ, ನಡೆಯಿರಿ ಮನೆಗೆ" ಎಂದರು. ಪೂಜೆ, ತಾಯತ, ಬಾಡಿಗೆ ಕಾರು ಸೇರಿ 17,000 ರೂಪಾಯಿ ಹೋಯಿತು. ಆದರೂ ಆ ಎರಡು ಪಯಣಗಳನ್ನು ನಾನು ಹಳಿಯುವುದಿಲ್ಲ. ಹೋಗುವಾಗ ಬರುವಾಗ ಅವ್ವ ನನ್ನ ಕೈ ಬಿಡದೆ ಹಿಡಿದು ಕೂತಿದ್ದರು. ಅದು ಆಮೇಲಿನ ಎಲ್ಲ ಚಿಕಿತ್ಸೆಗೂ ತಳಪಾಯವಾಯಿತು.

2023ರ ಜನವರಿಯಲ್ಲಿ ಮೊದಲ ಮನೋವೈದ್ಯರ ಬಳಿಗೆ ಹೋದೆ. ಖಾಸಗಿ ಆಸ್ಪತ್ರೆ, ನೋಡುವ ಶುಲ್ಕ 700 ರೂಪಾಯಿ. ಎರಡು ಗಂಟೆ ಕಾದ ಮೇಲೆ ಒಂಬತ್ತು ನಿಮಿಷ ಮಾತು. ಮೂರು ಹೊತ್ತು ಪೂಜೆ, ಉಪವಾಸ, ಒಡವೆ ದಾನ, ಲಿಂಗ ತೆಗೆದದ್ದು ಎಲ್ಲವನ್ನೂ ಅವ್ವ ಒಂದೇ ಉಸಿರಿನಲ್ಲಿ ಹೇಳಿದರು. ಚೀಟಿಯಲ್ಲಿ 'ಬೈಪೋಲಾರ್' (ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಕಾಯಿಲೆ) ಎಂದೂ ಅದರ ಕೆಳಗೆ 'ಅತಿಯಾದ ಧಾರ್ಮಿಕತೆ' ಎಂದೂ ಬರೆದರು. ಆ ಎರಡನೇ ಸಾಲು ನನ್ನನ್ನು ಚುಚ್ಚಿದಷ್ಟು ಮೊದಲನೆಯದು ಚುಚ್ಚಲಿಲ್ಲ. ಅಮ್ಮ ಕಲಿಸಿದ್ದು, ಮಠದಲ್ಲಿ ಕಲಿತದ್ದು, ಎಲ್ಲವೂ ಒಂದು ಲಕ್ಷಣವಾಗಿ ಹೋಯಿತೇ? ಮಾತ್ರೆ ನುಂಗಿದರೆ ಶಿವ ಕರಗುತ್ತಾನೆಯೇ? ಇದನ್ನು ಯಾರನ್ನು ಕೇಳಬೇಕೆಂದು ತಿಳಿಯದೆ, ಎಂಟು ತಿಂಗಳು ಅರ್ಧ ಮಾತ್ರೆ ನುಂಗಿದೆ, ಅರ್ಧ ಬಚ್ಚಲಿಗೆ ಹಾಕಿದೆ. ತೂಕ ಒಂಬತ್ತು ಕಿಲೋ ಏರಿತು. ಭಾವನೆಗಳ ಬಿರುಗಾಳಿ ಮೊದಲಿನಂತೆಯೇ ಬರುತ್ತಿತ್ತು. ಮಾತ್ರೆ ಬಿಡುತ್ತಿರುವುದನ್ನು ಆ ವೈದ್ಯರಿಗೆ ಹೇಳದೆ ಮುಚ್ಚಿಟ್ಟದ್ದು ನನ್ನ ತಪ್ಪು. ದಯವಿಟ್ಟು ನೀವು ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಹಳೆಯ ದಾಖಲೆ ಬೇಕಾಯಿತು. ಮೊದಲ ಆಸ್ಪತ್ರೆಯಲ್ಲಿ ನಾಲ್ಕು ಸಲ ತಿರುಗಿಸಿದರು. 'ಮಾನಸಿಕ ರೋಗಿಗಳ ಕಡತ ಕೊಡುವುದಿಲ್ಲ' ಎಂದರು. ಅದೇ 2017ರ ಕಾಯ್ದೆಯ 25ನೇ ಕಲಮು ನಮ್ಮ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ನಮಗೆ ಕೊಡುತ್ತದೆ. ಅದನ್ನು ಬರೆದು ಅರ್ಜಿ ಕೊಟ್ಟು, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಐದು ವಾರಗಳ ನಂತರ ಕಡತದ ನಕಲು ಸಿಕ್ಕಿತು. ಬಿಡುಗಡೆಯ ಸಾರಾಂಶ, ಎಲ್ಲ ಔಷಧ ಚೀಟಿಗಳು, ರಕ್ತ ಪರೀಕ್ಷೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡರೆ ಹೊಸ ವೈದ್ಯರ ಮುಂದೆ ಎಲ್ಲವನ್ನೂ ಮತ್ತೆ ಅಳುತ್ತ ಹೇಳುವ ಕಷ್ಟ ತಪ್ಪುತ್ತದೆ. ನಾನು ಅದರ ಜೊತೆಗೆ ಎರಡು ಪುಟ ಬರೆದೂ ಒಯ್ದೆ: ಯಾವ ವರ್ಷ ಯಾವ ಗುರು, ಆಗ ಬದುಕಿನಲ್ಲಿ ಯಾರು ಹತ್ತಿರವಿದ್ದರು, ಯಾವಾಗ ಹೋದರು.

ಆ ಎರಡು ಪುಟಗಳನ್ನು ಎರಡನೇ ಮನೋವೈದ್ಯರು ನನ್ನೆದುರೇ ಪೂರ್ತಿ ಓದಿದರು. ಅದು 2023ರ ಅಕ್ಟೋಬರ್. ಅವರು ಮೂರು ಭೇಟಿಗಳಾಗುವವರೆಗೆ ಕಾಯಿಲೆಯ ಹೆಸರು ಹೇಳಲಿಲ್ಲ. ಅವರು ಕೇಳಿದ ಒಂದು ಪ್ರಶ್ನೆ ನನಗೆ ಮರೆಯುವುದಿಲ್ಲ: "ನಿಮ್ಮ ಭಕ್ತಿ ಏರುವ ಹಿಂದಿನ ದಿನ ಏನಾಗಿರುತ್ತದೆ?" ಬೈಪೋಲಾರ್‌ನ ಉನ್ಮಾದದಲ್ಲೂ ಭಕ್ತಿ ಉಕ್ಕಬಹುದಂತೆ. ಆದರೆ ಆಗ ದಿನಗಟ್ಟಲೆ ನಿದ್ದೆಯೇ ಬೇಕಾಗುವುದಿಲ್ಲ, ತಾನು ದೇವರು ಆರಿಸಿದ ವ್ಯಕ್ತಿ ಎನ್ನಿಸುತ್ತದೆ, ಆ ಸ್ಥಿತಿ ದಿನಗಳು, ವಾರಗಳು ಇರುತ್ತದೆ. ನನ್ನದು ಗಂಟೆಗಳಲ್ಲಿ ಏರಿ ಇಳಿಯುತ್ತಿತ್ತು. ಹಿಂದಿನ ದಿನ ಯಾರೋ ಒಬ್ಬರು ದೂರ ಸರಿದಿರುತ್ತಿದ್ದರು, ಅಥವಾ ಸರಿದರೆಂದು ನನಗೆ ಅನ್ನಿಸಿರುತ್ತಿತ್ತು.

ಮೂರನೇ ಭೇಟಿಯಲ್ಲಿ ಹೆಸರು ಹೇಳಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಕಾಯಿಲೆಗೆ ಸ್ಥಾನ ಸಿಕ್ಕಿದ್ದು 1980ರಲ್ಲಿ. ಈಗ ಅದರಲ್ಲಿ ಒಂಬತ್ತು ಲಕ್ಷಣಗಳ ಪಟ್ಟಿ ಇದೆ. ಐದು ಇದ್ದರೆ ಸಾಕು, ನನ್ನಲ್ಲಿ ಏಳು ಇದ್ದವು. ಬಿಟ್ಟು ಹೋಗುತ್ತಾರೆಂಬ ಭಯ, ಒಬ್ಬರನ್ನೇ ಇಂದು ದೇವರಂತೆ ನಾಳೆ ರಾಕ್ಷಸನಂತೆ ಕಾಣುವುದು, ನಾನು ಯಾರೆಂದು ನನಗೇ ತಿಳಿಯದಿರುವುದು, ಸದಾ ಕಾಡುವ ಖಾಲಿತನ ಎಂದು ಅವರು ಒಂದೊಂದಾಗಿ ಓದುತ್ತಿದ್ದರೆ ನನ್ನ ಮೂವರು ಗುರುಗಳು, ಚರ್ಚು, ತಿರುಗಿಸಿಟ್ಟ ಪಟಗಳು ಕಣ್ಣ ಮುಂದೆ ಸಾಲಾಗಿ ಬಂದವು. "ದೇವರೂ ನಿಮಗೆ ಒಬ್ಬ ಹತ್ತಿರದ ವ್ಯಕ್ತಿಯೇ ಅಲ್ಲವೇ? ಉಳಿದವರ ಜೊತೆ ಆದದ್ದೇ ಅಲ್ಲೂ ಆಗಿದೆ" ಎಂದರು. ನಾನು ಎಂಟು ತಿಂಗಳಿನಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ: ಇದು ಗುಣವಾದರೆ ನನ್ನ ಶಿವನೂ ಹೋಗುತ್ತಾನೆಯೇ? ಅವರು ಕೂಡಲೇ ಸಮಾಧಾನ ಹೇಳಲಿಲ್ಲ. "ನಿಮ್ಮ ನಂಬಿಕೆಗೆ ನಾನು ಮದ್ದು ಕೊಡುತ್ತಿಲ್ಲ. ನಿಮ್ಮ ಭಯಕ್ಕೆ ಕೊಡುತ್ತಿದ್ದೇನೆ. ಕೊನೆಗೆ ಏನು ಉಳಿಯುತ್ತದೆಂದು ನೀವೇ ನೋಡಿ ಹೇಳಬೇಕು" ಎಂದರು. ಚೀಟಿಯ ಮೇಲೆ ಈ ಕಾಯಿಲೆಯ ಸಂಕೇತವಾದ ಎಫ್ 60.31 ಎಂದು ಬರೆದರು. ಧರ್ಮದ ಬಗ್ಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ.

ಈ ಕಾಯಿಲೆಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೋ ನಿದ್ದೆಗೋ ಕೊಡಬಹುದು. ಮುಖ್ಯ ಚಿಕಿತ್ಸೆ ಮಾತಿನದು. ನನಗೆ ಸೂಚಿಸಿದ್ದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ. ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ಸುಮಾರು ಒಂದು ವರ್ಷ. ಕಲಿತವರು ಕಡಿಮೆ, ಕನ್ನಡದಲ್ಲಿ ಮಾಡುವವರು ಇನ್ನೂ ಕಡಿಮೆ. ಹನ್ನೊಂದು ಕಡೆ ಫೋನು ಮಾಡಿದೆ. ಮೂವರು ಬಿಪಿಡಿ ಎಂದ ಕೂಡಲೇ ಆಗುವುದಿಲ್ಲ ಎಂದರು, ಒಬ್ಬರು ಮೊದಲು ಒಂದು ಯಾಗ ಮಾಡಿಸಿ ಬನ್ನಿ ಎಂದರು. ನೀವು ಹುಡುಕುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಖರ್ಚು ಬಹಳ ಕಡಿಮೆ. ಕೈಯಲ್ಲಿ ಹಣವಿಲ್ಲ ಎಂದು ಚಿಕಿತ್ಸೆಯನ್ನೇ ಬಿಡಬೇಡಿ. ನನಗೆ ಬ್ಯಾಂಕಿನ ವೇಳೆಯಲ್ಲಿ ಹೊರರೋಗಿ ವಿಭಾಗದ ಪಾಳಿಗೆ ನಿಲ್ಲಲು ಆಗದ ಕಾರಣ ಧಾರವಾಡದ ಒಬ್ಬ ಖಾಸಗಿ ಮನಃಶಾಸ್ತ್ರಜ್ಞೆಯ ಬಳಿ ಹೆಸರು ಬರೆಸಿದೆ. ಪಾಳಿ ಬಂದದ್ದು ಮೂರೂವರೆ ತಿಂಗಳ ನಂತರ, 2024ರ ಫೆಬ್ರುವರಿಯಲ್ಲಿ. ಗುಂಪಿನ ಪಾಠ ಮೊಬೈಲಿನಲ್ಲೇ, ಭಾನುವಾರ ಸಂಜೆ.

ಆ ಕಾಯುವ ಮೂರೂವರೆ ತಿಂಗಳು ಬಹಳ ಕಷ್ಟದ್ದು. ಹೆಸರು ಗೊತ್ತಾಗಿದೆ, ಮದ್ದು ಸಿಕ್ಕಿಲ್ಲ. ಮೊಬೈಲಿನಲ್ಲಿ ಬಿಪಿಡಿ ಎಂದು ಹುಡುಕಿದರೆ ನಮ್ಮಂಥವರಿಂದ ದೂರ ಓಡಿ ಎಂದು ಬರೆದವರೇ ಹೆಚ್ಚು. ದಯವಿಟ್ಟು ಅವನ್ನು ಓದಬೇಡಿ. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಬಹುಪಾಲು ಜನರ ಲಕ್ಷಣಗಳು ಇಳಿದಿವೆ ಎಂಬುದನ್ನು ನನಗೆ ಯಾರಾದರೂ ಆಗ ಹೇಳಿದ್ದರೆ ಎಷ್ಟೋ ರಾತ್ರಿಗಳು ಬೇರೆಯಾಗಿರುತ್ತಿದ್ದವು.

ಸಂಜೆ ಬ್ಯಾಂಕು ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತಿದ್ದೆ. ಮೊದಲ ದಿನವೇ ಆ ಮನಃಶಾಸ್ತ್ರಜ್ಞೆಯನ್ನು ಕೇಳಿದೆ: "ಮೇಡಂ, ನೀವು ದೇವರನ್ನು ನಂಬುತ್ತೀರಾ?" ಅವರು, "ನಾನು ಹೌದು ಎಂದರೆ ನಿಮಗೆ ಏನನ್ನಿಸುತ್ತದೆ, ಇಲ್ಲ ಎಂದರೆ ಏನನ್ನಿಸುತ್ತದೆ?" ಎಂದು ಕೇಳಿದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಇನ್ನು ಬರುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಆದರೆ ಹೊರಡುವ ಮೊದಲು ಅವರು ಕರಡಿಗೆ ಎಂದರೇನು, ಶಿವದಾರಕ್ಕೆ ಎಷ್ಟು ಎಳೆ, ಲಿಂಗವನ್ನು ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಕೇಳಿ ಒಂದು ಪುಟ ಬರೆದುಕೊಂಡರು. ಅವರಿಗೆ ನಮ್ಮ ಆಚರಣೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮರ್ಯಾದೆಯಿಂದ ಕೇಳಿ ತಿಳಿದುಕೊಂಡರು. ಮರುವಾರ ನಾನು ಹೋದದ್ದು ಅದಕ್ಕಾಗಿ.

ಈ ಚಿಕಿತ್ಸೆಯನ್ನು ರೂಪಿಸಿದ ಅಮೆರಿಕದ ಮಾರ್ಷಾ ಲಿನೆಹನ್ ಅವರ ಬದುಕಿನ ಬಗ್ಗೆ ಗುಂಪಿನಲ್ಲಿ ಕೇಳಿದ್ದು ನನಗೆ ದೊಡ್ಡ ಆಸರೆಯಾಯಿತು. ಹದಿನೇಳನೇ ವಯಸ್ಸಿನಲ್ಲಿ, 1961ರಲ್ಲಿ, ಅವರೇ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದವರು. ತನಗೆ ತಾನೇ ಹಾನಿ ಮಾಡಿಕೊಳ್ಳುತ್ತಿದ್ದವರು. ಕೆಲವು ವರ್ಷಗಳ ನಂತರ ಶಿಕಾಗೊದ ಒಂದು ಪ್ರಾರ್ಥನಾ ಮಂದಿರದಲ್ಲಿ ಮೊಣಕಾಲೂರಿದ್ದಾಗ ಅವರಿಗೆ ತಾನು ತನ್ನನ್ನು ಪ್ರೀತಿಸುತ್ತೇನೆ ಎಂಬ ಅನುಭವವಾಯಿತು. ಕ್ಯಾಥೊಲಿಕ್ ಭಕ್ತೆಯಾಗಿದ್ದ ಅವರು ಮುಂದೆ ಝೆನ್ ಧ್ಯಾನ ಕಲಿತು, ಅದರಿಂದ ಕೆಲವು ಅಭ್ಯಾಸಗಳನ್ನು ಚಿಕಿತ್ಸೆಯೊಳಗೆ ತಂದರು. ಇದನ್ನೆಲ್ಲ ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಚಿಕಿತ್ಸೆ ಎಂದರೆ ದೇವರ ಎದುರು ಪಕ್ಷ ಎಂದುಕೊಂಡಿದ್ದ ನನಗೆ, ಆ ಚಿಕಿತ್ಸೆಯ ಬೇರುಗಳೇ ಒಂದು ಪ್ರಾರ್ಥನೆಯ ಕೋಣೆಯವರೆಗೆ ಹೋಗಿವೆ ಎಂದು ತಿಳಿದಾಗ ಎದೆ ಹಗುರಾಯಿತು.

ಪಾಠ ನಾಲ್ಕು ಭಾಗದ್ದು: ಎಚ್ಚರದಿಂದ ಗಮನಿಸುವುದು, ಸಂಕಟ ತಾಳಿಕೊಳ್ಳುವುದು, ಭಾವನೆ ನಿಭಾಯಿಸುವುದು, ಜನರೊಡನೆ ನಡೆದುಕೊಳ್ಳುವುದು. ಎಲ್ಲವನ್ನೂ ವಿವರಿಸುವುದಿಲ್ಲ, ಕಲಿಸುವವರು ಕಲಿಸುತ್ತಾರೆ. ನಂಬಿಕೆ ಇರುವವರು ಎಡವುವ ಎರಡು ಜಾಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಇದ್ದದ್ದನ್ನು ಇದ್ದಂತೆ ಪೂರ್ತಿ ಒಪ್ಪಿಕೊಳ್ಳುವ ಪಾಠ. ಅದು ನನ್ನ ಕಿವಿಗೆ 'ಹಣೆಬರಹ' ಎಂದೇ ಕೇಳಿಸಿತು. ಹೋದ ಜನ್ಮದ ಕರ್ಮ, ಅನುಭವಿಸು ಎಂದು ಚಿಗವ್ವ ಹೇಳುತ್ತಿದ್ದಂತೆ. ಆರು ವಾರ ಆ ಪಾಠ ಒಳಗೆ ಇಳಿಯಲೇ ಇಲ್ಲ. ನಿಶ್ಚಿತಾರ್ಥ ಮುರಿಯಿತು ಎಂಬುದು ನಡೆದ ಸಂಗತಿ. ಅದು ನನಗೆ ಸಲ್ಲಬೇಕಾದ ಶಿಕ್ಷೆ ಎಂಬುದು ನಾನು ಸೇರಿಸಿದ್ದು. ಒಪ್ಪಿಕೊಳ್ಳಬೇಕಾದದ್ದು ಮೊದಲನೆಯದನ್ನು ಮಾತ್ರ. ಇದನ್ನು ಬಿಡಿಸಿ ಹೇಳಲು ಮೇಡಂ ಎಷ್ಟು ಸಲ ಬೋರ್ಡಿನ ಮೇಲೆ ಎರಡು ವೃತ್ತ ಬರೆದರೋ ಲೆಕ್ಕವಿಲ್ಲ.

ಎರಡನೆಯದು ಪೂಜೆಯ ಹೊತ್ತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವುದು ನಮ್ಮಲ್ಲಿ ಇರುವುದೇ. ಗಮನಿಸುವ ಪಾಠಕ್ಕೆ ಇದಕ್ಕಿಂತ ಬೇರೆ ಏನು ಬೇಕು ಎಂದುಕೊಂಡು, ಬಿರುಗಾಳಿ ಎದ್ದಾಗಲೆಲ್ಲ ಪೂಜೆಗೆ ಕೂರತೊಡಗಿದೆ. ಆಗಿನ್ನೂ ಲಿಂಗ ಕೊರಳಿಗೆ ಬಂದಿರಲಿಲ್ಲ, ಜಗಲಿಯ ಮೇಲಿತ್ತು. ಕೂತ ಐದೇ ನಿಮಿಷಕ್ಕೆ ಪೂಜೆ ಚೌಕಾಸಿಯಾಗುತ್ತಿತ್ತು: ಈಗ ಫೋನು ಬಂದರೆ ನೀನಿದ್ದೀಯ, ಬರದಿದ್ದರೆ ಇಲ್ಲ. ಫೋನು ಬರುತ್ತಿರಲಿಲ್ಲ. ಅಲ್ಲಿಂದ ಮತ್ತೂ ಕೆಳಗೆ ಇಳಿಯುತ್ತಿದ್ದೆ. "ಬಿರುಗಾಳಿಯ ಹೊತ್ತಿನಲ್ಲಿ ಪೂಜೆಗೆ ಕೂರಬೇಡಿ" ಎಂದು ಮೇಡಂ ಹೇಳಿದಾಗ ನನಗೆ ಸಿಟ್ಟು ಬಂದಿತು. ಈಗ ಅದೇ ನನ್ನ ನಿಯಮ. ಮೊದಲು ತಣ್ಣೀರಿನಲ್ಲಿ ಮುಖ ಅರ್ಧ ನಿಮಿಷ ಮುಳುಗಿಸುವುದು (ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮಾಡಬೇಕು), ನಂತರ ಮನೆಯ ಸುತ್ತ ಬಿರುಸಿನ ನಡಿಗೆ, ಅಣ್ಣನಿಗೋ ಅವನ ಹೆಂಡತಿ ವೈನಿಗೋ ಒಂದು ಕರೆ. ಉಸಿರು ನೆಟ್ಟಗಾದ ಮೇಲೆ ಪೂಜೆ.

ಪ್ರತಿದಿನ ತುಂಬಬೇಕಾದ ಒಂದು ಹಾಳೆ ಕೊಡುತ್ತಾರೆ. ದುಃಖ ಎಷ್ಟು, ಸಿಟ್ಟು ಎಷ್ಟು, ಹಾನಿ ಮಾಡಿಕೊಳ್ಳಬೇಕೆಂಬ ತುಡಿತ ಎಷ್ಟು, ಎಲ್ಲಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ನಾನು ಅದರಲ್ಲಿ ಪೆನ್ಸಿಲಿನಿಂದ ಒಂದು ಸಾಲು ಹೆಚ್ಚು ಎಳೆದು 'ಶಿವ' ಎಂದು ಬರೆದೆ. ಹತ್ತಿರ, ದೂರ, ಸಿಟ್ಟಾಗಿದ್ದಾನೆ, ಬಿಟ್ಟು ಹೋದ, ಈ ನಾಲ್ಕರಲ್ಲಿ ಒಂದು. ಹನ್ನೆರಡು ವಾರಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಎಣಿಸಿದೆವು. 84 ದಿನಗಳಲ್ಲಿ 33 ದಿನ ಶಿವ ಬಿಟ್ಟು ಹೋಗಿದ್ದ. ಅದರಲ್ಲಿ 29 ದಿನ, ಅದೇ ದಿನವೋ ಹಿಂದಿನ ದಿನವೋ, ಯಾರೋ ನನ್ನ ಕರೆ ಎತ್ತಿರಲಿಲ್ಲ, ಅಥವಾ ಕೋಣೆಯ ಗೆಳತಿ ನನ್ನನ್ನು ಬಿಟ್ಟು ಊಟ ಮಾಡಿದ್ದಳು, ಅಥವಾ ಮೇಡಂ ರಜೆಯಲ್ಲಿದ್ದರು. 'ಹತ್ತಿರ' ಎಂದು ಬರೆದ ದಿನಗಳೂ ಹಾಗೆಯೇ. ಯಾರೋ ನನ್ನನ್ನು ಹೊಗಳಿದ ದಿನಗಳವು. ನಾನು ಆ ಹಾಳೆಗಳನ್ನು ಬಹಳ ಹೊತ್ತು ನೋಡಿದೆ. ಹತ್ತು ವರ್ಷ ನಾನು ಶಿವನ ಮುಖ ಎಂದು ನೋಡುತ್ತಿದ್ದದ್ದು ಗೆಳತಿಯರ ಮುಖ, ಗುರುಗಳ ಮುಖ, ಆ ಹುಡುಗನ ಮುಖ. ಹಾಗಾದರೆ ಶಿವನನ್ನು ನಾನು ಇನ್ನೂ ನೋಡಿಯೇ ಇಲ್ಲ ಎನ್ನಿಸಿತು. ಆ ಯೋಚನೆ ನನ್ನನ್ನು ಹೆದರಿಸಲಿಲ್ಲ. ಅಂದು ಮೊದಲ ಸಲ ನಂಬಿಕೆಯ ವಿಷಯದಲ್ಲಿ ನನಗೆ ಅವಸರವಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಮೇಡಂ ಎರಡು ವಾರ ರಜೆ ಹೋದಾಗ ಹದಿನಾಲ್ಕು ಸಂದೇಶ ಕಳಿಸಿ, ಹದಿನೈದನೆಯದರಲ್ಲಿ ಚಿಕಿತ್ಸೆ ಬಿಡುತ್ತೇನೆ ಎಂದು ಬರೆದಿದ್ದೆ. ಇಂಥದ್ದು ನಿಮಗೂ ಆಗುತ್ತದೆ. ಬಿಡುತ್ತೇನೆ ಎಂದು ಬರೆದ ಮೇಲೂ ಹಿಂದಿರುಗಬಹುದು, ಅವರಿಗೆ ಇದು ಹೊಸತಲ್ಲ.

ಲಿಂಗ ಮತ್ತೆ ಕೊರಳಿಗೆ ಬಂದದ್ದು ಹೇಗೆ ಎಂದು ಹೇಳಬೇಕು. ಮಠಕ್ಕೆ ಹೋಗುವ ಮೊದಲು ಬೇರೆ ಊರಿನ ಒಬ್ಬ ಸ್ವಾಮಿಗಳ ಬಳಿ ಹೋಗಿದ್ದೆ. ಲಿಂಗ ತೆಗೆದವಳು ಭವಿಯಾದಂತೆ, ಅಂದರೆ ಧರ್ಮದಿಂದ ಹೊರಗಾದಂತೆ, ಮಹಾಪಾಪ ಎಂದು ಎಲ್ಲರೆದುರು ಹೇಳಿ ಕಳಿಸಿದರು. ಆ ವಾರದ ಹಾಳೆಯ ತುಂಬ ಐದೈದು ಅಂಕ. ಕೊನೆಗೆ ಸೆಪ್ಟೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು, ನನಗೆ ದೀಕ್ಷೆ ಕೊಟ್ಟ ಅಜ್ಜನವರಲ್ಲಿಗೇ ಹೋದೆ. ಏನು ಹೇಳಬೇಕೆಂದು ಮೇಡಂ ಜೊತೆ ಎರಡು ಸಲ ಅಭ್ಯಾಸ ಮಾಡಿದ್ದೆ. ಜನರೊಡನೆ ನಡೆದುಕೊಳ್ಳುವ ಪಾಠ ಅಲ್ಲಿ ಉಪಯೋಗಕ್ಕೆ ಬಂದಿತು. ಅಕ್ಕಿ ಡಬ್ಬಿ, ಆಸ್ಪತ್ರೆ, ಕಾಯಿಲೆಯ ಹೆಸರು, ಯಾವುದನ್ನೂ ಮುಚ್ಚಿಡದೆ ಹೇಳಿದೆ. ಅಜ್ಜನವರಿಗೆ ಈಗ ಎಂಬತ್ತು ದಾಟಿದೆ. ಬಹಳ ಹೊತ್ತು ಸುಮ್ಮನಿದ್ದರು. ನಂತರ "ಅಕ್ಕಿಯಲ್ಲಿ ಇಟ್ಟೆಯಲ್ಲ ತಂಗಿ, ಕೆರೆಗೆ ಎಸೆಯಲಿಲ್ಲವಲ್ಲ" ಎಂದರು. "ಶಿವನನ್ನು ಬೈದ ಶರಣರೂ ಇದ್ದಾರೆ. ಬೈಯುವುದಕ್ಕೆ ನಮ್ಮಲ್ಲಿ ಜಾಗವಿದೆ. ನಿನ್ನನ್ನು ನೀನು ನೋಯಿಸಿಕೊಳ್ಳುವುದಕ್ಕೆ ಜಾಗವಿಲ್ಲ." ಲಿಂಗ ತೊಳೆದು, ವಿಭೂತಿ ಹಚ್ಚಿ, ಹೊಸ ಶಿವದಾರ ಹಾಕಿ ಕೊಟ್ಟರು. ಕಟ್ಟಿಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು. ಅವ್ವ ಹಿಂದಿನಿಂದ ಗಂಟು ಹಾಕಿದರು. ಮಾತ್ರೆ ನಿಲ್ಲಿಸಬೇಕೇ ಎಂದು ಅವ್ವ ಕೇಳಿದಾಗ, ಅಜ್ಜನವರು "ಅದನ್ನು ನನ್ನನ್ನು ಕೇಳುತ್ತೀಯಾ? ಡಾಕ್ಟರನ್ನು ಕೇಳು" ಎಂದರು.

ಎಲ್ಲರಿಗೂ ಇಂಥ ಅಜ್ಜನವರು ಸಿಗುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕಾಗಿಯೇ ಹೇಳುತ್ತೇನೆ: ಸ್ವಾಮಿಗಳಿರಲಿ, ಪಾದ್ರಿಗಳಿರಲಿ, ಮೌಲ್ವಿಗಳಿರಲಿ, ನಿಮ್ಮ ಕಾಯಿಲೆಯನ್ನು ಹೇಳಿಕೊಳ್ಳಲು ಒಬ್ಬರೇ ಹೋಗಬೇಡಿ. ಜೊತೆಯಲ್ಲಿ ಒಬ್ಬರಿರಲಿ. ಅಂದೇ ಅಥವಾ ಮರುದಿನವೇ ಚಿಕಿತ್ಸೆಯವರ ಜೊತೆ ಮಾತಿಗೆ ಸಮಯ ಇಟ್ಟುಕೊಂಡು ಹೋಗಿ.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ಒಬ್ಬರೇ ಕೂತ 48 ಭೇಟಿಗಳಿಗೆ ತಲಾ 1,200ರಂತೆ 57,600 ರೂಪಾಯಿ; ಗುಂಪಿನ 44 ಪಾಠಗಳಿಗೆ ತಲಾ 500ರಂತೆ 22,000. ಮಾತ್ರೆ ತಿಂಗಳಿಗೆ 450ರ ಆಸುಪಾಸು. ಬಸ್ಸು ಬೇರೆ. ನನ್ನ ಸಂಬಳ 24,000. ಅರ್ಧದಷ್ಟನ್ನು ಅಣ್ಣ ಕೊಟ್ಟ. ಮಾನಸಿಕ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ವಿಮೆಗೆ ಒಳಪಡಿಸಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಆದರೆ ನನ್ನ ವಿಮೆ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥದ್ದು. ವಾರದ ಭೇಟಿಗಳಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ನಿಮ್ಮ ವಿಮಾ ಪತ್ರದಲ್ಲಿ ಹೊರರೋಗಿ ಚಿಕಿತ್ಸೆ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬ್ಯಾಂಕಿಗೆ ಕೊಡಬೇಕಾದ ರಜೆಯ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು ಬೇಡ ಎಂದು ನಾನು ವೈದ್ಯರನ್ನು ಕೇಳಿಕೊಂಡೆ. 'ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಅಗತ್ಯ' ಎಂದಷ್ಟೇ ಬರೆದರು, ಸಾಕಾಯಿತು.

2025ರ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಂದಿತು. ಹಿಂದಿನ ಎಷ್ಟೋ ಶಿವರಾತ್ರಿಗಳಲ್ಲಿ ನಿದ್ದೆಗೆಟ್ಟು, ನೀರು ಬಿಟ್ಟು, ಮರುದಿನ ಕುಸಿದು ಬೀಳುತ್ತಿದ್ದೆ. ನಿದ್ದೆ ಕೆಟ್ಟರೆ ನನ್ನ ಕಾಯಿಲೆ ಕೆರಳುತ್ತದೆ ಎಂದು ಈಗ ಗೊತ್ತಿರುವುದರಿಂದ ಈ ಸಲ ಮೊದಲೇ ಯೋಚಿಸಿದ್ದೆ. ಸಂಜೆ ಪೂಜೆ ಮಾಡಿದೆ, ಹಣ್ಣು ಮತ್ತು ಹಾಲು ತೆಗೆದುಕೊಂಡೆ, ಹತ್ತೂವರೆಗೆ ಮಲಗಿದೆ. ಜಾಗರಣೆ ಮಾಡದ್ದಕ್ಕೆ ಶಿವ ಸಿಟ್ಟಾಗುತ್ತಾನೆ ಎಂಬ ಹಳೆಯ ದನಿ ಬಂದಿತು. ಬಂದಿದೆ ಎಂದು ಹಾಳೆಯಲ್ಲಿ ಬರೆದುಕೊಂಡೆ. ಬೆಳಗ್ಗೆ ಆರಕ್ಕೆ ಎಚ್ಚರವಾಯಿತು.

ಮೇ ತಿಂಗಳಲ್ಲಿ ಕೊನೆಯ ಭೇಟಿ ಮುಗಿದ ಮೇಲೂ ಹಾಳೆ ತುಂಬುವುದನ್ನು ಬಿಟ್ಟಿಲ್ಲ. ಹೋದ ಮಂಗಳವಾರ ಕೋಣೆಯ ಗೆಳತಿ ಬೇರೆ ಮನೆಗೆ ಹೋಗುತ್ತೇನೆಂದು ಹೇಳಿದಳು. ತುಡಿತದ ಸಾಲಿನಲ್ಲಿ ಮೂರು ಬರೆದೆ, ಶಿವನ ಸಾಲಿನಲ್ಲಿ 'ದೂರ' ಎಂದು ಬರೆದೆ. ಮುಖ ತಣ್ಣೀರಿನಲ್ಲಿ ಮುಳುಗಿಸಿ, ವೈನಿಗೆ ಫೋನು ಮಾಡಿ, ಅವರ ಮಗುವಿನ ಹಲ್ಲು ಬಂದ ಸುದ್ದಿ ಕೇಳಿದೆ. ಒಂಬತ್ತು ಗಂಟೆಗೆ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಅಂದು ಏನನ್ನೂ ಕೇಳಲಿಲ್ಲ.